ಕೂಸಿನ ಅಂಗಿಯ ಮೇಲೆ ‘ಪುಟ್ಟಿ’

ತಂಗಿಯ ಮಗಳ ಹತ್ತಿ ಅಂಗಿಗಳಿಗೆ ‘ಪುಟ್ಟಿ’ ಅಂತ ನಾನೇ ಅಂಟಿಸುವುದು. ಹೊಸ ಅಂಗಿಯನ್ನು ಮೊದಲು ಒಗೆದು ಒಣಗಿಸಿ. ಕಂಡೀಷನರ್ ಹಾಕಬೇಡಿ, ವಿನೈಲ್ (ಇಸ್ತ್ರಿಯ ಬಿಸಿಗೆ ಬಟ್ಟೆಗೆ ಅಂಟುವ ತೆಳು ಹಾಳೆ) ಸರಿಯಾಗಿ ಹಿಡಿಯುವುದಿಲ್ಲ.

ಹೀಟ್ ಟ್ರಾನ್ಸ್‌ಫರ್ ವಿನೈಲ್‌ನ ಹೊಳೆಯುವ ಪ್ಲಾಸ್ಟಿಕ್ ಬದಿ ಕೆಳಗಿರಲಿ. ಮೇಲ್ಬದಿಯಲ್ಲಿ ಅಕ್ಷರಗಳನ್ನು ಕನ್ನಡಿಯಲ್ಲಿ ಕಾಣುವಂತೆ ತಿರುವುಮುರುವಾಗಿ ಬರೆದು, ಬ್ಲೇಡಿನಿಂದ ವಿನೈಲ್ ಪದರವನ್ನಷ್ಟೇ ಕೊಯ್ಯಿರಿ. ಇಲ್ಲಿ ಅವಸರ ಬೇಡವೇ ಬೇಡ: ಪ್ಲಾಸ್ಟಿಕ್ ತುಂಡಾಗದಿದ್ದರೆ ‘ಟ್ಟಿ’ಯ ಒತ್ತು ತನ್ನ ಜಾಗದಲ್ಲೇ ಕೂತಿರುತ್ತದೆ. ಸುತ್ತಲಿನ ವಿನೈಲ್ ಸುಲಿದು ತೆಗೆಯಿರಿ.

ಅಂಗಿಯ ಎದೆಭಾಗದ ಮೇಲೆ, ಪ್ಲಾಸ್ಟಿಕ್ ಬದಿ ಮೇಲೆ ಬರುವಂತೆ ಇಡಿ. ಕೊರಳಪಟ್ಟಿ, ತೋಳಿನ ತುದಿ ಬೇಡ, ಕೂಸು ಅಲ್ಲೇ ಚೀಪುವುದು. ಹಬೆಯಿಲ್ಲದ ಇಸ್ತ್ರಿ, ಸುಮಾರು 150 ಡಿಗ್ರಿ. ತೆಳುಬಟ್ಟೆ ಹಾಸಿ 15 ಸೆಕೆಂಡ್ ಅಲುಗಾಡಿಸದೆ ಒತ್ತಿ. ಪ್ಲಾಸ್ಟಿಕ್ ಸುಲಿಯುವಾಗ ಅಂಚು ಎದ್ದರೆ ಮತ್ತೆ ಒತ್ತಿ. ಒಂದು ದಿನ ಬಿಟ್ಟು, ಅಂಗಿ ಒಳಮಗ್ಗುಲು ಮಾಡಿ ಒಗೆಯಿರಿ.