ಓದಲು ಬಂದ ಮೇಲೂ ಮಕ್ಕಳಿಗೆ ಓದಿ ಹೇಳಿ

ಮಗುವಿಗೆ ತಾನೇ ಓದಲು ಬಂತು ಅಂದ ಕೂಡಲೇ ಎಷ್ಟೋ ಮನೆಗಳಲ್ಲಿ ಒಂದು ತಪ್ಪು ನಡೆಯುತ್ತದೆ. "ಇನ್ನು ನೀನೇ ಓದ್ಕೋ" ಅಂತ ಪುಸ್ತಕ ಕೈಗೆ ಕೊಟ್ಟು ದೊಡ್ಡವರು ಎದ್ದು ಹೋಗುತ್ತಾರೆ. ನನ್ನ ದೊಡ್ಡ ಮಗನಿಗೆ ನಾನೂ ಹಾಗೇ ಮಾಡಿದ್ದೆ. ರಾತ್ರಿ ಕಥೆಗೆ ಕಾದು ಕೂರುತ್ತಿದ್ದವನು ಒಂದೆರಡು ತಿಂಗಳಲ್ಲಿ ಪುಸ್ತಕ ಮುಟ್ಟುವುದನ್ನೇ ಬಿಟ್ಟ. ಅವನ ಮಟ್ಟಿಗೆ, ಓದು ಕಲಿತ ತಪ್ಪಿಗೆ ಅಮ್ಮನಿಗೆ ಒರಗಿ ಕೂರುವ ಹೊತ್ತೇ ಹೋಗಿತ್ತು. ಮತ್ತೆ ಓದಿ ಹೇಳಲು ಶುರು ಮಾಡಿದೆ. ನಿಧಾನಕ್ಕೆ ಆಸೆ ತಿರುಗಿ ಬಂತು.

6-7 ವರ್ಷದ ಮಗು ಕೇಳಿ ಅರ್ಥ ಮಾಡಿಕೊಳ್ಳುವುದು, ತಾನೇ ಓದಿ ಅರ್ಥ ಮಾಡಿಕೊಳ್ಳುವುದಕ್ಕಿಂತ ಎಷ್ಟೋ ಜಾಸ್ತಿ. ತಾನಾಗಿ ಓದಲು ಆಗುವುದು ಪುಟಕ್ಕೆ ಎರಡು ಸಾಲಿನ ಕಥೆ. ಆದರೆ ಕೇಳಲು ಕೂತರೆ ಕಾಡು, ಕಡಲು, ಕಳ್ಳರು ತುಂಬಿದ ನೂರು ಪುಟದ ಕಥೆಯೂ ತಲೆಗೆ ಹತ್ತುತ್ತದೆ. ಓದಿನ ರುಚಿ ಇರುವುದು ಆ ದೊಡ್ಡ ಕಥೆಯಲ್ಲಿ, ಅಲ್ವಾ? ಈ ಅಂತರ ತುಂಬಲು ವರ್ಷಗಳೇ ಬೇಕು. ಅಲ್ಲಿಯವರೆಗೆ ದೊಡ್ಡ ಕಥೆಗಳನ್ನು ನಾವೇ ಓದಿ ಹೇಳಬೇಕು.

ದಿನಕ್ಕೆ 15 ನಿಮಿಷ ಸಾಕು. ಆದರೆ ದಿನಾ ಒಂದೇ ಹೊತ್ತಿಗೆ ಇರಲಿ, ಫೋನ್ ಬೇರೆ ಕೋಣೆಯಲ್ಲಿರಲಿ. ನಿಧಾನವಾಗಿ ಓದಿ. ಮುದುಕಿಗೆ ಒಂದು ದನಿ, ರಾಕ್ಷಸನಿಗೆ ಇನ್ನೊಂದು ದನಿ ಇರಲಿ. ಪುಟ ತಿರುಗಿಸುವ ಕೆಲಸ ಮಗುವಿಗೇ ಬಿಡಿ. ಹುಲಿ ಗುಹೆಯಿಂದ ಹೊರಗೆ ಕಾಲಿಟ್ಟ ಜಾಗದಲ್ಲೇ ನಿಲ್ಲಿಸಿ, "ಉಳಿದದ್ದು ನಾಳೆ" ಅಂತ ಪುಸ್ತಕವನ್ನು ಹಾಸಿಗೆ ಪಕ್ಕದಲ್ಲೇ ಬಿಟ್ಟು ಬನ್ನಿ. ನನ್ನ ಮಗಳು ಹಾಗೆ ಬಿಟ್ಟ ಕಥೆಯನ್ನು ಬೆಳಿಗ್ಗೆ ಎದ್ದ ಕೂಡಲೇ ಬೆರಳಿಟ್ಟು ಓದಿ ಮುಗಿಸಿದ್ದಳು. ಒಂದೇ ಪುಸ್ತಕವನ್ನು ಇಪ್ಪತ್ತನೇ ಸಲ ತಂದರೂ ಬೇಸರಿಸಬೇಡಿ. ಮುಂದೇನಾಗುತ್ತದೆ ಅಂತ ಗೊತ್ತಿರುವುದೇ ಅವರಿಗೆ ಖುಷಿ. ಪ್ರತಿ ಸಲವೂ ಒಂದೆರಡು ಹೊಸ ಮಾತು ಕಿವಿಗೆ ಬೀಳುತ್ತದೆ.

ಎಳೆಗೂಸಿಗೂ ಓದಿ ಹೇಳಬಹುದು. ಅಮೆರಿಕದ ಮಕ್ಕಳ ವೈದ್ಯರ ಸಂಘ 2014ರಲ್ಲೇ ಹಸುಗೂಸಿನಿಂದಲೇ ಶುರು ಮಾಡಿ ಎಂದು ಸಲಹೆ ಕೊಟ್ಟಿದೆ. ದಪ್ಪ ರಟ್ಟಿನ ಪುಸ್ತಕ ಕೊಡಿ. ಕಚ್ಚಿದರೆ ಕಚ್ಚಲಿ.

ಮಗು ನಿಮಗೆ ಓದಿ ತೋರಿಸುವಾಗ ಒತ್ತಕ್ಷರದ ಹತ್ತಿರ ತಡವರಿಸುತ್ತದೆ. ಮನಸ್ಸಿನಲ್ಲೇ ಐದು ಎಣಿಸಿ. ಆಮೇಲೂ ಬಾರದಿದ್ದರೆ ಆ ಪದ ಹೇಳಿಕೊಟ್ಟು ಮುಂದೆ ಹೋಗಿ. ಒಂದು ಪುಟದಲ್ಲಿ ಐದಕ್ಕಿಂತ ಜಾಸ್ತಿ ಪದ ಗೊತ್ತಾಗದಿದ್ದರೆ ಆ ಪುಸ್ತಕ ಸದ್ಯಕ್ಕೆ ಕಷ್ಟ, ಅದನ್ನು ನೀವೇ ಓದಿ ಹೇಳಿ. ಕಥೆ ಮುಗಿದ ಮೇಲೆ "ಇದರ ನೀತಿ ಏನು?" ಅಂತ ಪರೀಕ್ಷೆ ಬೇಡ. "ನೀನಾಗಿದ್ರೆ ಏನ್ ಮಾಡ್ತಿದ್ದೆ?" ಅಂತ ಕೇಳಿ ನೋಡಿ, ಮಾತು ನಿಲ್ಲುವುದೇ ಇಲ್ಲ.

ಬಹುಮಾನದ ಆಸೆ ತೋರಿಸಿ ಓದಿಸುವುದು ನನಗೆ ಸರಿ ಕಾಣುವುದಿಲ್ಲ. 1973ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಚಿತ್ರ ಬಿಡಿಸುವುದೆಂದರೆ ಇಷ್ಟ ಇದ್ದ ಪುಟ್ಟ ಮಕ್ಕಳಿಗೆ ಬಹುಮಾನ ಕೊಡುತ್ತೇವೆ ಅಂತ ಮೊದಲೇ ಹೇಳಿ ಚಿತ್ರ ಬರೆಸಿದರು. ಆಮೇಲೆ ಬಿಡುವಿನಲ್ಲಿ ಆ ಮಕ್ಕಳು ಬೇರೆಯವರಿಗಿಂತ ಕಡಿಮೆ ಹೊತ್ತು ಚಿತ್ರ ಬಿಡಿಸಿದರು. "10 ಪುಟ ಓದಿದ್ರೆ ಫೋನ್ ಕೊಡ್ತೀನಿ" ಅನ್ನುವುದೂ ಇಂಥದ್ದೇ. ಫೋನ್ ಸಿಹಿ, ಓದು ಕಹಿ ಮಾತ್ರೆ ಅಂತ ನಾವೇ ಹೇಳಿಕೊಟ್ಟ ಹಾಗೆ.

ಪುಸ್ತಕವನ್ನು ಮಗುವೇ ಆರಿಸಲಿ. ಚಿತ್ರಕಥೆ, ನಗೆಹನಿ, ಡೈನೋಸಾರ್, ಏನಾದರೂ ಸರಿ. ಅರ್ಧಕ್ಕೆ ಬಿಟ್ಟರೂ ಸುಮ್ಮನಿರಿ. ಪುಸ್ತಕಗಳನ್ನು ಕೈಗೆಟುಕುವ ಎತ್ತರದಲ್ಲಿ, ಮುಖಪುಟ ಕಾಣುವ ಹಾಗೆ ಇಡಿ.

ಇಷ್ಟೆಲ್ಲ ಮಾಡಿದರೂ ಮಗು ಓದು ಅಂದರೆ ಅಳುತ್ತದಾ? ಸೋಮಾರಿ ಅಂತ ಬೈಯಬೇಡಿ. ಮೊದಲು ಕಣ್ಣು ಪರೀಕ್ಷೆ ಮಾಡಿಸಿ. 8 ವರ್ಷ ದಾಟಿದರೂ ಅಕ್ಷರಗಳು ಅದಲು ಬದಲಾಗುತ್ತಿದ್ದರೆ, ಚಿಕ್ಕ ಪದಕ್ಕೂ ಒದ್ದಾಡುತ್ತಿದ್ದರೆ ಡಿಸ್ಲೆಕ್ಸಿಯಾ, ಅಂದರೆ ಪದಗಳನ್ನು ಗುರುತಿಸಿ ಓದುವುದೇ ಕಷ್ಟವಾಗುವ ತೊಂದರೆ ಇರಬಹುದು. ಅದಕ್ಕೂ ಬುದ್ಧಿವಂತಿಕೆಗೂ ಸಂಬಂಧವಿಲ್ಲ. ತಜ್ಞರಿಗೆ ತೋರಿಸಿದರೆ ಓದುವ ಬೇರೆ ದಾರಿ ಕಲಿಸುತ್ತಾರೆ. ಆ ಕಲಿಕೆ ನಡೆಯುವಾಗಲೂ ರಾತ್ರಿಯ ಕಥೆ ಮಾತ್ರ ತಪ್ಪಿಸಬೇಡಿ. ಆ ಮಗುವಿಗೆ ಸದ್ಯಕ್ಕೆ ಕಥೆ ಸಿಗುವುದು ನಿಮ್ಮ ದನಿಯಿಂದಲೇ.