ಅಜ್ಜನ ಕಾಲು ಯಾಕೆ ಬಾತಿತ್ತು?

ಆಗ ನಾನು ಬಿ.ಎಸ್ಸಿ ನರ್ಸಿಂಗ್ ಎರಡನೇ ವರ್ಷ. ಹುಬ್ಬಳ್ಳಿಯ ಒಂದು ಆಸ್ಪತ್ರೆಯಲ್ಲಿ ಮೆಡಿಸಿನ್ ವಾರ್ಡ್ ಪೋಸ್ಟಿಂಗ್ ಇತ್ತು. ಕುಂದಗೋಳ ಕಡೆಯ ಒಬ್ಬ ಅಜ್ಜ ನನ್ನ ಪೇಶಂಟ್. ಕೇಸ್ ಶೀಟಿನಲ್ಲಿ ಹಾರ್ಟ್ ಫೇಲ್ಯೂರ್ ಅಂತ ಬರೆದಿತ್ತು, ಅಂದರೆ ಹೃದಯ ಸರಿಯಾಗಿ ರಕ್ತ ಪಂಪ್ ಮಾಡದ ಸ್ಥಿತಿ. ಬೆಳಗ್ಗೆ ಬೆಡ್ ಮೇಕಿಂಗ್ ಮಾಡುವಾಗ, ಚಾದರ ಸುಕ್ಕಿಲ್ಲದಂತೆ ಬರಲಿ ಅಂತ, ತಲೆ ಕಡೆ ಎತ್ತಿದ್ದ ಮಂಚವನ್ನು ಪೂರ್ತಿ ಇಳಿಸಿಬಿಟ್ಟೆ. ಎರಡೇ ನಿಮಿಷ. ಅಜ್ಜನಿಗೆ ಕೆಮ್ಮು ಶುರುವಾಯಿತು. ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡು, "ಎಬ್ಬಸು ತಂಗಿ, ದಮ್ಮ ಕಟ್ಟಾಕತ್ತೈತಿ" ಅಂದರು. ಸೀನಿಯರ್ ಸಿಸ್ಟರ್ ಓಡಿ ಬಂದು ಅವರನ್ನು ಕೂರಿಸಿದರು. ಕಾಲು ಮಂಚದಿಂದ ಕೆಳಗೆ ಇಳಿಬಿಟ್ಟರು, ಆಕ್ಸಿಜನ್ ಹಚ್ಚಿದರು.

ಸಿಸ್ಟರ್ ಬೈಯಲಿಲ್ಲ. "ಮಲಗಿಸಿದ್ರ ಯಾಕ ದಮ್ಮು ಬಂತು, ಹೇಳವ್ವ" ಅಂತ ಕೇಳಿದರು. ಮಲಗಿದರೆ ದಮ್ಮು ಬರುವುದಕ್ಕೆ ಆರ್ಥಾಪ್ನಿಯಾ ಅನ್ನುವ ಹೆಸರು ಅಂತ ನನಗೆ ಗೊತ್ತಿತ್ತು. ಅದರ ಸ್ಪೆಲಿಂಗ್ ಕೂಡ ಬಾಯಿಪಾಠ. ಕಾರಣ ಮಾತ್ರ ಗೊತ್ತಿರಲಿಲ್ಲ.

ದಿನಾ ಗದಗಿನಿಂದ ರೈಲಿನಲ್ಲಿ ಓಡಾಡುತ್ತಿದ್ದೆ. ಅವತ್ತು ಸಂಜೆ ಅಣ್ಣಿಗೇರಿ ದಾಟುವ ಹೊತ್ತಿಗೆ ನೋಟ್‌ಬುಕ್‌ನ ಕೊನೆಯ ಪುಟದಲ್ಲಿ ಕನ್ನಡದಲ್ಲೇ ಬರೆಯತೊಡಗಿದೆ. ಒಂದು ಸಾಲು, ಅದರ ಕೆಳಗೆ "ಯಾಕೆ?" ಅಂತ ಪ್ರಶ್ನೆ. ಉತ್ತರ ಬಂದರೆ ಅದಕ್ಕೂ "ಯಾಕೆ?". ಗೊತ್ತಿಲ್ಲದ ಕಡೆ ಜಾಗ ಬಿಟ್ಟು, ಮನೆಗೆ ಹೋಗಿ ಪುಸ್ತಕ ನೋಡಿ ತುಂಬಿದೆ. ಪ್ಯಾಥೋಫಿಸಿಯಾಲಜಿ, ಅಂದರೆ ಕಾಯಿಲೆಯಲ್ಲಿ ದೇಹದ ಒಳಗೆ ಏನು, ಯಾಕೆ ಕೆಡುತ್ತದೆ ಅನ್ನುವ ವಿಷಯ, ನನಗೆ ತಲೆಗೆ ಹತ್ತಿದ್ದು ಹೀಗೆ.

ನಮ್ಮ ಕಡೆ ನಳದ ನೀರು ದಿನಾ ಬರಲ್ಲ, ಅಲ್ವಾ? ಬಂದ ದಿನ ಮೋಟರ್ ಸರಿಯಾಗಿ ಎತ್ತದಿದ್ದರೆ ಮೇಲಿನ ಟ್ಯಾಂಕ್ ತುಂಬಲ್ಲ, ಕೆಳಗಿನ ಸಂಪು ಉಕ್ಕುತ್ತದೆ. ತಪ್ಪು ಒಂದೇ, ತೊಂದರೆ ಎರಡು ಕಡೆ. ಹೃದಯದ ಎಡಭಾಗ ಸೋತರೆ ಅದರ ಸಂಪು ಶ್ವಾಸಕೋಶ. ಅಲ್ಲಿ ರಕ್ತ ನಿಂತು, ಸಣ್ಣ ರಕ್ತನಾಳಗಳಲ್ಲಿ ಒತ್ತಡ ಏರಿ, ನೀರು ಗಾಳಿಚೀಲಗಳಿಗೆ ಜಿನುಗುತ್ತದೆ. ಮಲಗಿದಾಗ ಕಾಲಿನಲ್ಲಿದ್ದ ರಕ್ತವೂ ಎದೆಯ ಕಡೆ ವಾಪಸ್ ಬರುತ್ತದೆ, ಸೋತ ಪಂಪಿಗೆ ಇನ್ನಷ್ಟು ಭಾರ. ಸಿಸ್ಟರ್ ಕಾಲು ಇಳಿಬಿಟ್ಟದ್ದು ಅದಕ್ಕೇ. ಬಲಭಾಗ ಸೋತರೆ ಇಡೀ ದೇಹವೇ ಸಂಪು. ಕುತ್ತಿಗೆಯ ನಾಳ ಉಬ್ಬುತ್ತದೆ, ಲಿವರ್ ದೊಡ್ಡದಾಗುತ್ತದೆ, ಕಾಲು ಬಾಯುತ್ತದೆ. ಅಜ್ಜನ ಮೊಣಕಾಲ ಕೆಳಗೆ, ಎಲುಬಿನ ಮೇಲೆ ಹೆಬ್ಬೆರಳು ಒತ್ತಿ ತೆಗೆದರೆ ರೊಟ್ಟಿ ಹಿಟ್ಟಿನ ಮುದ್ದೆಗೆ ಒತ್ತಿದ ಹಾಗೆ ಕುಳಿ ಉಳಿಯುತ್ತಿತ್ತು.

ಕಿಡ್ನಿಯ ವಿಷಯಕ್ಕೆ ಮೋಟರ್ ಹೋಲಿಕೆ ಸಾಲಲ್ಲ. ಸಂಪು ಉಕ್ಕಿದ್ದು ಕಿಡ್ನಿಗೆ ಕಾಣಲ್ಲ, ತನಗೆ ಬರುವ ರಕ್ತ ಕಡಿಮೆ ಆಗಿದೆ ಅನ್ನೋದು ಮಾತ್ರ ತಿಳಿಯುತ್ತದೆ. ದೇಹದಲ್ಲಿ ನೀರೇ ಇಲ್ಲ ಅನ್ನುವ ಹಾಗೆ ರೆನಿನ್ ಅನ್ನುವ ರಾಸಾಯನಿಕವನ್ನು ರಕ್ತಕ್ಕೆ ಬಿಡುತ್ತದೆ. ಅದರಿಂದ ಆಂಜಿಯೊಟೆನ್ಸಿನ್, ಆಮೇಲೆ ಆಲ್ಡೊಸ್ಟಿರೋನ್ ಅನ್ನುವ ಹಾರ್ಮೋನುಗಳು. ಉಪ್ಪು ಹೊರಗೆ ಹೋಗದೆ ಉಳಿಯುತ್ತದೆ, ಉಪ್ಪಿನ ಹಿಂದೆ ನೀರೂ ಉಳಿಯುತ್ತದೆ. ನೀರು ಜಾಸ್ತಿ ಆದ ದೇಹವೇ ಇನ್ನೂ ನೀರು ಹಿಡಿದಿಟ್ಟುಕೊಳ್ಳುತ್ತದೆ. ಇದು ಬಾಣದ ಗುರುತು ಹಾಕಿ ನೆಟ್ಟಗೆ ಬರೆಯುವ ಸಾಲಲ್ಲ, ಸುತ್ತು. ಪರೀಕ್ಷೆಯಲ್ಲೂ ಸುತ್ತಾಗಿಯೇ ಬರೆಯಿರಿ.

ಮರುದಿನ ಅಜ್ಜನ ಮಗ ರೊಟ್ಟಿ ಜೊತೆ ರಂಜಕ, ಉಪ್ಪಿನಕಾಯಿ ಕಟ್ಟಿಕೊಂಡು ಬಂದಿದ್ದ. ಮೊದಲಾಗಿದ್ದರೆ "ಉಪ್ಪು ಕಡಿಮೆ" ಅಂತ ಸುಮ್ನೆ ಹೇಳಿ ಹೋಗುತ್ತಿದ್ದೆ. ಅವತ್ತು ಕೂತು ಯಾಕೆ ಅಂತ ಹೇಳಿದೆ. ಮೂತ್ರ ಜಾಸ್ತಿ ಮಾಡಿ ನೀರು ಇಳಿಸುವ ಫ್ಯುರೊಸೆಮೈಡ್ ಇಂಜೆಕ್ಷನ್ ಕೊಟ್ಟ ಮೇಲೆ ಮೂತ್ರ ಅಳೆಯುವ ಕೆಲಸವೂ ಬೇಸರ ಅನಿಸಲಿಲ್ಲ. ನೀರಿನ ಜೊತೆ ಪೊಟ್ಯಾಸಿಯಂ ಕೂಡ ಹೋಗುತ್ತದೆ, ಅದು ಇಳಿದರೆ ಹೃದಯದ ಬಡಿತ ತಪ್ಪಬಹುದು. ಅದಕ್ಕೇ ಲ್ಯಾಬ್ ರಿಪೋರ್ಟ್ ಬಂದ ಕೂಡಲೇ ಮೊದಲು ಅದನ್ನೇ ನೋಡುತ್ತಿದ್ದೆ.

ಸಕ್ಕರೆ ಕಾಯಿಲೆಯ ಕೀಟೊಅಸಿಡೋಸಿಸ್ ಕೂಡ ಹೀಗೇ ಬಿಚ್ಚಿಕೊಂಡಿತು. ಇನ್ಸುಲಿನ್ ಇಲ್ಲದೆ ಸ್ನಾಯು, ಕೊಬ್ಬಿನ ಜೀವಕೋಶಗಳಿಗೆ ಸಕ್ಕರೆ ಸಿಗಲ್ಲ. ದೇಹ ಕೊಬ್ಬು ಕರಗಿಸುತ್ತದೆ, ಅದರಿಂದ ಕೀಟೋನ್ ಅನ್ನುವ ಹುಳಿ ಪದಾರ್ಥ ಬಂದು ರಕ್ತ ಹುಳಿಯಾಗುತ್ತದೆ. ಹುಳಿಯನ್ನು ಹೊರಗೆ ಹಾಕಲು ಪೇಶಂಟ್ ಆಳವಾಗಿ ಉಸಿರಾಡುತ್ತಾನೆ. ರಕ್ತದ ಸಕ್ಕರೆ ಸುಮಾರು 180 mg/dL ದಾಟಿದರೆ ಮೂತ್ರಕ್ಕೆ ಇಳಿದು ನೀರನ್ನೂ ಎಳೆದುಕೊಂಡು ಹೋಗುತ್ತದೆ. ಬಾಯಾರಿಕೆ, ಒಣಗಿದ ನಾಲಿಗೆ, ಇಳಿದ ಬಿಪಿ, ಎಲ್ಲ ಅಲ್ಲಿಂದಲೇ.

ಹೀಗೆ "ಯಾಕೆ?" ಬರೆಯಲು ಶುರು ಮಾಡುವವರು ಹಾರ್ಟ್ ಫೇಲ್ಯೂರ್‌ನಿಂದಲೇ ಶುರು ಮಾಡಿ ಅಂತ ನನ್ನ ಮಾತು. ಹೃದಯ, ಶ್ವಾಸಕೋಶ, ಕಿಡ್ನಿ ಮೂರೂ ಒಂದೇ ಪೇಶಂಟ್‌ನಲ್ಲಿ ಸಿಗುತ್ತವೆ. ಆದರೆ ಕನ್ನಡದಲ್ಲಿ ಬರೆದದ್ದನ್ನು ಪುಸ್ತಕದ ಜೊತೆ ತಾಳೆ ನೋಡದೆ ಬಿಡಬೇಡಿ. ಹೋಲಿಕೆ ಚೆನ್ನಾಗಿದೆ ಅಂತ ಅದನ್ನೇ ನಂಬಿ ನಾನು ಒಂದೆರಡು ಸಲ ತಪ್ಪು ಬರೆದಿದ್ದೆ.

ಡಿಸ್ಚಾರ್ಜ್ ದಿನ ಅಜ್ಜನಿಗೆ, ದಿನಾ ಬೆಳಗ್ಗೆ ಬಯಲಕಡೆ ಹೋಗಿ ಬಂದ ಮೇಲೆ, ಏನೂ ತಿನ್ನುವ ಮೊದಲು ತೂಕ ನೋಡಿಕೊಳ್ಳಿ ಅಂದೆ. ಮೂರು ದಿನದಲ್ಲಿ 2 ಕೆ.ಜಿ. ಏರಿದರೆ ತಡ ಮಾಡದೆ ಬನ್ನಿ ಅಂತಲೂ ಹೇಳಿದೆ. ಒಂದು ಲೀಟರ್ ನೀರು ಅಂದರೆ ಒಂದು ಕೆ.ಜಿ. ಅಜ್ಜ ಸ್ವಲ್ಪ ಹೊತ್ತು ತಮ್ಮ ಕಾಲು ನೋಡಿಕೊಂಡರು. ಆಮೇಲೆ ಮಗನ ಕಡೆ ತಿರುಗಿ ಅಂದರು: "ಕೇಳಿದ್ಯೇನಲೇ? ಕಾಲು ಬಾಯೂದಕ್ಕಿಂತ ಮೊದಲ ಕಾಟಾದಾಗ ಕಾಣತೈತಂತ. ಹೋಗೂದ್ರಾಗ ಒಂದ ಕಾಟಾ ತಗೊಂಡ ಹೋಗೂಣು."