ಕೊನೆಗೂ ಫೈರ್‌ಫಾಕ್ಸ್‌ಗೆ ಬಂದೆ

ಜಾಹೀರಾತು ತಡೆಯುವ ಯುಬ್ಲಾಕ್ ಆರಿಜಿನ್ ಎಂಬ ಎಕ್ಸ್‌ಟೆನ್ಷನ್‌ಗೆ (ಬ್ರೌಸರಿಗೆ ಸೇರಿಸಿಕೊಳ್ಳುವ ಪುಟ್ಟ ತಂತ್ರಾಂಶ) ಇನ್ನು ಬೆಂಬಲವಿರುವುದಿಲ್ಲ ಎಂಬ ಸೂಚನೆ ಕ್ರೋಮ್‌ನಲ್ಲಿ ಮೊದಲ ಸಲ ಕಂಡಾಗ, ಎಕ್ಸ್‌ಟೆನ್ಷನ್ ಪುಟಕ್ಕೆ ಹೋಗಿ ಅದನ್ನು ಮತ್ತೆ ಚಾಲೂ ಮಾಡಿ ಸುಮ್ಮನಾದೆ. ಎರಡನೆಯ ಸಲವೂ ಅಷ್ಟೇ. ಮೂರನೆಯ ಸಲ ಹೋಗಿ ನೋಡಿದರೆ ಗುಂಡಿ ಒತ್ತಲೇ ಬರಲಿಲ್ಲ. ಮ್ಯಾನಿಫೆಸ್ಟ್ ವಿ2 ಎಂಬ ಹಳೆಯ ವ್ಯವಸ್ಥೆಯ ಎಕ್ಸ್‌ಟೆನ್ಷನ್‌ಗಳನ್ನು ಕ್ರೋಮ್ 2024ರಿಂದ ಹಂತಹಂತವಾಗಿ ನಿಲ್ಲಿಸುತ್ತಾ ಬಂದು, 2025ರಲ್ಲಿ ಪೂರ್ತಿ ಕೈಬಿಟ್ಟಿತು.

ಹಳೆಯ ವ್ಯವಸ್ಥೆಯಲ್ಲಿ ಎಕ್ಸ್‌ಟೆನ್ಷನ್ ಮದುವೆ ಮನೆಯ ಬಾಗಿಲಲ್ಲಿ ನಿಂತ ಸೋದರಮಾವನಂತೆ: ಪುಟ ಕೇಳುವ ಪ್ರತಿಯೊಂದು ಕಡತದ ಮುಖ ನೋಡಿ ಒಳಗೆ ಬಿಡಬೇಕೋ ಬೇಡವೋ ಎಂದು ತಾನೇ ತೀರ್ಮಾನಿಸುತ್ತಿತ್ತು. ಹೊಸ ವ್ಯವಸ್ಥೆಯಾದ ವಿ3ಯಲ್ಲಿ ಅದು ನಿಯಮಗಳ ಪಟ್ಟಿ ಬರೆದುಕೊಡಬಹುದು, ತಡೆಯುವ ಕೆಲಸ ಬ್ರೌಸರಿನದು. ಯುಬ್ಲಾಕ್ ಬರೆದ ರೇಮಂಡ್ ಹಿಲ್ ಅವರೇ ಇದಕ್ಕೊಪ್ಪುವ 'ಲೈಟ್' ಆವೃತ್ತಿಯನ್ನೂ ಕೊಟ್ಟಿದ್ದಾರೆ. ಎರಡು ವಾರ ಬಳಸಿದೆ. ಕೆಟ್ಟದ್ದೇನಲ್ಲ, ಬಹುಪಾಲು ಜನರಿಗೆ ಅದೇ ಸಾಕು. ನನಗೆ ಮಾತ್ರ ಒಂದೊಂದು ತಾಣಕ್ಕೆ ಒಂದೊಂದು ರೀತಿ ಹೊರಗಿನ ಸ್ಕ್ರಿಪ್ಟ್‌ಗಳನ್ನು (ಪುಟದೊಳಗೆ ಓಡುವ ಪುಟ್ಟ ಪ್ರೋಗ್ರಾಂಗಳು) ತಡೆಯುವ ಚಟ. ಆ ಸೌಲಭ್ಯ ಅದರಲ್ಲಿಲ್ಲ.

ಬ್ರೇವ್ ಎಂಬ ಬ್ರೌಸರಿನಲ್ಲಿ ಜಾಹೀರಾತು ತಡೆ ಒಳಗೇ ಇದೆ, ಆದರೆ ಅದರ ಅಡಿಪಾಯವೂ ಕ್ರೋಮ್‌ನದೇ ಆದ ಕ್ರೋಮಿಯಂ. ಫೈರ್‌ಫಾಕ್ಸ್‌ನಲ್ಲಿ ಪುಟಗಳನ್ನು ತೋರಿಸುವ ಗೆಕೊ ಎಂಜಿನ್ ಬೇರೆಯದೇ, ಹಳೆಯ ಯುಬ್ಲಾಕ್ ಅಲ್ಲಿ ಹಾಗೆಯೇ ಓಡುತ್ತದೆ. ಹಾಗಾಗಿ ಅದನ್ನೇ ಆರಿಸಿಕೊಂಡೆ.

ಬುಕ್‌ಮಾರ್ಕ್, ಇತಿಹಾಸ ಎರಡೂ ಕಾಫಿ ಆರುವುದರೊಳಗೆ ಬಂದವು. ಪಾಸ್‌ವರ್ಡ್‌ಗಳನ್ನು ಸಿಎಸ್‌ವಿ ಕಡತವಾಗಿ ಇಳಿಸಿ ಇಲ್ಲಿಗೆ ಏರಿಸಿದೆ. ಆ ಕಡತದಲ್ಲಿ ಎಲ್ಲ ಪಾಸ್‌ವರ್ಡ್‌ಗಳೂ ಬಟಾಬಯಲಾಗಿರುತ್ತವೆ; ಕೆಲಸ ಮುಗಿದೊಡನೆ ಅಳಿಸಿ, ಕಸದ ಬುಟ್ಟಿಯನ್ನೂ ಖಾಲಿ ಮಾಡಿ. ನನ್ನದು ಮೂರು ದಿನ ಡೌನ್‌ಲೋಡ್ಸ್‌ನಲ್ಲೇ ಬಿದ್ದಿತ್ತು.

ನಷ್ಟವಾದದ್ದು ಬೇರೆಡೆ. ವರ್ಷಗಟ್ಟಲೆ ನಾನೇ ಸೇರಿಸಿಟ್ಟಿದ್ದ ನಲವತ್ತರಷ್ಟು ಫಿಲ್ಟರ್‌ಗಳಿದ್ದವು: ಸುದ್ದಿ ಓದುವಾಗ ಮೂಲೆಯಲ್ಲಿ ತೇಲಿ ಬರುವ ವಿಡಿಯೊ, ಅಡುಗೆ ತಾಣದಲ್ಲಿ ಉಪ್ಪಿನ ಅಳತೆಯ ಮೇಲೇ ಕೂರುವ ಪಟ್ಟಿ, ಇಂಥವಕ್ಕೆ. ಯುಬ್ಲಾಕ್‌ನ ಸೆಟ್ಟಿಂಗ್ಸ್‌ನಲ್ಲಿ ಎಲ್ಲವನ್ನೂ ಒಂದು ಕಡತಕ್ಕೆ ಉಳಿಸುವ ಗುಂಡಿ ಇದೆ. ಆದರೆ ಎಕ್ಸ್‌ಟೆನ್ಷನ್ ನಿಂತ ಮೇಲೆ ಆ ಪುಟವೇ ತೆರೆಯಲಿಲ್ಲ. ಎರಡು ಸಲ ಸೂಚನೆ ಬಂದಾಗ ಮಾಡದವನಿಗೆ ಯಾರನ್ನು ದೂರುವ ಹಕ್ಕಿದೆ! ಪುಟದಲ್ಲಿ ಬೇಡವಾದದ್ದನ್ನು ಒತ್ತಿ ತೋರಿಸುವ ಪಿಕರ್ ಎಂಬ ಸಾಧನ ಹಿಡಿದು ಒಂದೊಂದನ್ನೇ ಮತ್ತೆ ಆರಿಸಿದೆ. ಹನ್ನೊಂದು ಫಿಲ್ಟರ್ ಆಗುವ ಹೊತ್ತಿಗೆ ಸಾಕಾಯಿತು. ಉಳಿದವು ಬೇಕಾಗಿಯೇ ಇರಲಿಲ್ಲವೆಂದು ಕಾಣುತ್ತದೆ, ಈವರೆಗೆ ನೆನಪಾಗಿಲ್ಲ.

ಹುಡುಕಿ ಹಾಕಿಕೊಳ್ಳುವಾಗ ಹೆಸರಿನಲ್ಲಿ 'ಆರಿಜಿನ್' ಇದೆಯೇ ನೋಡಿ. ಬರಿಯ ಯುಬ್ಲಾಕ್ ಎಂಬುದು ಬೇರೆಯವರದು. ನನ್ನ ಬ್ಯಾಂಕಿನ ಪುಟವೊಂದು ಫೈರ್‌ಫಾಕ್ಸ್‌ನಲ್ಲಿ ಮುನಿಸಿಕೊಂಡು ಕೂರುತ್ತದೆ. ಅದೊಂದಕ್ಕಾಗಿ ಕ್ರೋಮ್ ಇನ್ನೂ ಉಳಿದಿದೆ.

ಆಂಡ್ರಾಯ್ಡ್ ಫೈರ್‌ಫಾಕ್ಸ್‌ನಲ್ಲೂ ಯುಬ್ಲಾಕ್ ಆರಿಜಿನ್ ನಡೆಯುತ್ತದೆ ಎಂದು ತಿಳಿದಾಗ ಅಪ್ಪನ ಮೊಬೈಲಿಗೂ ಹಾಕಿಕೊಟ್ಟೆ. ವೈರಸ್ ಬಂದಿದೆ ಎಂದು ಹೆದರಿಸುವ ಜಾಹೀರಾತು ಒತ್ತಿ ನನಗೆ ಫೋನ್ ಮಾಡುವುದು ಅವರ ವಾರದ ಕಾರ್ಯಕ್ರಮ. ಮರುದಿನ ಬೆಳಿಗ್ಗೆಯೂ ಫೋನ್ ಬಂತು: "ಪೇಪರ್ ಪುಟ ಅರ್ಧ ಖಾಲಿ ಇದೆಯಲ್ಲೋ, ನೆಟ್ ಸರಿಯಾಗಿ ಬರುತ್ತಿಲ್ಲವೇನೋ ನೋಡು."